ಹಜಾರದ ಪಾಠ, ಅಡಿಗೆಮನೆಯ ಪಾಠ

"ಬೀಜ ತೆಗೆದದ್ದು" ಎಂದು ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಆದರೂ ಒಳಗೆ ಒಂದು ಬೀಜ ಇದ್ದೇ ಇರುತ್ತದೆ. ಇವತ್ತು ಮಧ್ಯಾಹ್ನ ಹುಳಿಗೆಂದು ನೆನೆಹಾಕಿದ್ದ ಹುಣಸೆಹಣ್ಣನ್ನು ಕಿವುಚುವಾಗ ಅದು ಬೆರಳಿಗೆ ಸಿಕ್ಕಿತು. ಬೇರೆ ದಿನವಾಗಿದ್ದರೆ ಅಂಗಡಿಯವನಿಗೆ ಮನಸ್ಸಿನಲ್ಲೇ ಎರಡು ಮಾತು ಬೈದು ಎಸೆದುಬಿಡುತ್ತಿದ್ದೆ. ಇವತ್ತು ನಾನು ಬಹಳ ಪ್ರಸನ್ನಳಾಗಿದ್ದೆ. ಬೀಜವನ್ನು ನಲ್ಲಿಯಡಿ ತೊಳೆದು ಅಂಗೈಯಲ್ಲಿಟ್ಟುಕೊಂಡು ನೋಡಿದೆ.

ಪ್ರಸನ್ನತೆಗೆ ಕಾರಣವನ್ನು ಹೇಳುತ್ತೇನೆ, ನೀವೇ ನ್ಯಾಯ ಹೇಳಿ. ನಾವಿರುವುದು ಬಸವೇಶ್ವರನಗರದಲ್ಲಿ, ಕೆಳಗಿನ ಮನೆ. ಮೇಲಿನ ಮನೆಯಲ್ಲಿ ಸಿಂಚನಾ ಎಂಬ ಹುಡುಗಿ ಇದ್ದಾಳೆ, ಸೆಕೆಂಡ್ ಪಿಯುಸಿ. ಈ ಮಹಾತಾಯಿಗೆ ಕೂತು ಓದಿ ಗೊತ್ತಿಲ್ಲ. ಪುಸ್ತಕ ಹಿಡಿದು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಧಪಧಪ ನಡೆಯುತ್ತಲೇ ಓದುತ್ತಾಳೆ. ಅವಳ ಕೆಮಿಸ್ಟ್ರಿಯೆಲ್ಲ ನನ್ನ ನೆತ್ತಿಯ ಮೇಲೆಯೇ ನಡೆಯಬೇಕು. ಊಟವಾದ ಮೇಲೆ ಸ್ವಲ್ಪ ಕಣ್ಣು ಮುಚ್ಚೋಣವೆಂದರೆ ಫ್ಯಾನು ಅಲುಗುತ್ತದೆ, ಪಾತ್ರೆ ಸ್ಟ್ಯಾಂಡಿನ ತಟ್ಟೆಗಳು ಗಿಲಿಗಿಲಿ ಎನ್ನುತ್ತವೆ. ಸಹಿಸಿ ಸಹಿಸಿ ಸಾಕಾಗಿ ಇವತ್ತು ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ಅವಳಮ್ಮನಿಗೆ ಹೇಳಿಯೇಬಿಟ್ಟೆ.

"ತಪ್ಪು ತಿಳ್ಕೋಬೇಡಿ. ಊರಲ್ಲಿರೋ ಮಕ್ಕಳೆಲ್ಲಾ ಕೂತ್ಕೊಂಡೇ ತಾನೇ ಓದೋದು? ನಿಮ್ಮ ಮಗಳಿಗೊಬ್ಬಳಿಗೆ ಯಾಕೆ ಬೇರೆ ರೂಲು?"

ಆಕೆ ಪಾಪ, ನಾಚಿಕೊಂಡು, "ಸಾರಿ ಆಂಟಿ, ಇವತ್ತಿಂದ ಕೂರಿಸ್ತೀನಿ" ಅಂದಳು. ನಲವತ್ತು ದಾಟಿದವಳು ನನ್ನನ್ನು ಆಂಟಿ ಅಂದದ್ದು ಚುಚ್ಚಿತು, ಆದರೆ ಗೆದ್ದ ಖುಷಿಯಲ್ಲಿ ನುಂಗಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಮೇಲೆ ಒಂದು ಹೆಜ್ಜೆಯ ಸದ್ದಿಲ್ಲ.

ಅಷ್ಟರಲ್ಲಿ ಅಂಗೈಯಲ್ಲಿದ್ದ ಬೀಜವನ್ನು ನನ್ನ ಹೆಬ್ಬೆರಳು ತಾನಾಗಿಯೇ ಉರುಳಿಸತೊಡಗಿತ್ತು. ಒದ್ದೆ ಹುಣಸೆಹಣ್ಣಿನ ಆ ಸಿಹಿಹುಳಿ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಎಂಬತ್ತರ ದಶಕದ ರಾಜಾಜಿನಗರದಲ್ಲಿ, ಲಲಿತಮ್ಮ ಟೀಚರ ಅಡಿಗೆಮನೆಯ ಕೆಂಪು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ.

ಲಲಿತಮ್ಮ ಟೀಚರು ಮತ್ತು ಅವರ ಯಜಮಾನರು ನಂಜುಂಡಯ್ಯ ಮೇಷ್ಟ್ರು, ಇಬ್ಬರೂ ಬೇರೆ ಬೇರೆ ಸ್ಕೂಲುಗಳಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಮನೆಯಲ್ಲಿ ಟ್ಯೂಷನ್ನು. ನಮ್ಮ ಬೀದಿಯ ಮಕ್ಕಳಷ್ಟೇ ಅಲ್ಲ, ಮಾಗಡಿ ರೋಡು ದಾಟಿ ಕಾಮಾಕ್ಷಿಪಾಳ್ಯದಿಂದಲೂ ನಡೆದು ಬರುತ್ತಿದ್ದರು. ಆ ಮನೆಯಲ್ಲಿ ಎರಡು ತರಗತಿ. ಹಜಾರದಲ್ಲಿ ಮೇಷ್ಟ್ರದು, ಅಡಿಗೆಮನೆಯಲ್ಲಿ ಟೀಚರದು.

ಹಜಾರದ ನಿಯಮ ಸರಳವಾಗಿತ್ತು. ಗೋಡೆಗೆ ಒರಗಿಸಿದ ಬೋರ್ಡು, ಅದರ ಮೇಲೆ ಎಲ್ಲರಿಗೂ ಒಂದೇ ಲೆಕ್ಕ, ಪಕ್ಕದ ಸ್ಟೂಲಿನ ಮೇಲೆ ಒಂದು ಅಲಾರಂ ಗಡಿಯಾರ. ಅದು ಬಾಯಿ ಬಿಟ್ಟು ಅರಚಿಕೊಂಡ ಕೂಡಲೇ ಎಲ್ಲರೂ ಪೆನ್ಸಿಲ್ ಕೆಳಗಿಡಬೇಕು. ಮಾಡಿದವರು ಮಾಡಿದರು, ಮಾಡದವರು ಪುಸ್ತಕ ಎತ್ತಿಕೊಂಡು ಒಳಗೆ ಹೋಗಬೇಕು. "ಒಳಗೆ" ಎಂದರೆ ಅಡಿಗೆಮನೆ. ಹಾಗೆ ಒಳಗೆ ಹೋಗುವುದು ಮಹಾ ಅವಮಾನವೆಂದು ನಾವೆಲ್ಲ ತಿಳಿದಿದ್ದೆವು.

ನಾನಾದರೋ ಹಜಾರದ ರಾಣಿ. ನನಗೆ ಬಾಯಿಪಾಠ ಅಂದರೆ ಪಂಚಪ್ರಾಣ. ಪುಟದ ಈ ತುದಿಯಿಂದ ಆ ತುದಿಯವರೆಗೆ, ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸುತ್ತಿದ್ದೆ. ಒಂದು ಸಂಜೆ ಸಸ್ಯಗಳು ಆಹಾರ ತಯಾರಿಸುವ ಬಗೆಯನ್ನು ಒಂದೇ ಉಸಿರಿನಲ್ಲಿ ಒದರಿದೆ. ಮೇಷ್ಟ್ರು "ಭೇಷ್" ಅಂದರು. ಒಳಗಿನಿಂದ ಲಲಿತಮ್ಮ ಟೀಚರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಹಂಗಾದ್ರೆ ನಮ್ಮ ತುಳಸಿಗಿಡ ಇವತ್ತು ಊಟ ಮಾಡಿತೇನೆ?"

ನಾನು ಕಕ್ಕಾಬಿಕ್ಕಿ. "ಅದು ಸಿಲಬಸ್‌ನಲ್ಲಿಲ್ಲ ಟೀಚರ್" ಅಂದೆ.

ಟೀಚರು ಗಂಡನ ಮುಖ ನೋಡಿದರು. "ನಿಮ್ಮ ರಾಣೀನ ಒಳಗೆ ಕಳಿಸಿ. ನನಗೆ ಬೇಕು." ನಾನು ಅಳುತ್ತಾ ಒಳಗೆ ಹೋದೆ. ಆ ವರ್ಷವೆಲ್ಲ ಒಳಗೇ ಇದ್ದೆ.

ಒಳಗಿನ ಶಾಲೆಗೆ ನಿಯಮವೇ ಇರಲಿಲ್ಲ. ಅಥವಾ ಮಗುವಿಗೊಂದು ನಿಯಮವಿತ್ತು. ಓದುವಾಗ ತೊದಲುವ ಒಬ್ಬಳಿಗೆ ಟೀಚರು ಹಿತ್ತಲಿಗೆ ಹೋಗಿ ತುಳಸಿಗಿಡಕ್ಕೆ ಓದಿ ಹೇಳಲು ಬಿಟ್ಟಿದ್ದರು, ಗಿಡ ನಗುವುದಿಲ್ಲವಲ್ಲ. ನನಗೆ ಮಾತ್ರ ಬಾಯಿಪಾಠ ಒಪ್ಪಿಸುವಂತಿರಲಿಲ್ಲ. ನಾನು ಒಂದು ವಾಕ್ಯ ಹೇಳಿದರೆ "ಯಾಕೆ?" ಅನ್ನುತ್ತಿದ್ದರು. ಅದಕ್ಕೆ ಉತ್ತರ ಹೇಳಿದರೆ ಮತ್ತೆ "ಯಾಕೆ?" ತಲೆ ಕೆಟ್ಟು ಹೋಗುತ್ತಿತ್ತು. ಆ "ಯಾಕೆ" ಈಗಲೂ ನನ್ನನ್ನು ಬಿಟ್ಟಿಲ್ಲ, ನಮ್ಮೆಜಮಾನರನ್ನು ಕೇಳಿದರೆ ಹೇಳುತ್ತಾರೆ.

ಗಂಡಹೆಂಡತಿಗೆ ಇದೇ ವಿಷಯಕ್ಕೆ ದಿನಾ ವಾಗ್ವಾದ. ನಡುವೆ ಒಂದು ಬಾಗಿಲು, ಈ ಕಡೆಯಿಂದ ಅವರು, ಆ ಕಡೆಯಿಂದ ಇವರು. ನಾವು ಮಕ್ಕಳು ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದೆವು.

"ಒಬ್ಬೊಬ್ಬರಿಗೆ ಒಂದೊಂದು ತರ ಹೇಳ್ತಾ ಕೂತ್ರೆ ಅವರು ಪರೀಕ್ಷೆ ಯಾವಾಗ ಬರೆಯೋದು? ಅಲ್ಲಿ ನಿನ್ನ ತುಳಸಿಗಿಡ ಬರುತ್ತಾ?"

"ಸೀರೆ ಎಲ್ಲಾರ್ಗೂ ಒಂದೇ ಅಳತೆ ಕಣ್ರೀ, ಒಪ್ಪಿದೆ. ರವಿಕೆ ಮಾತ್ರ ಅವರವರ ಮೈಗೆ ಹೊಲಿಸ್ಬೇಕು. ನಿಮಗೆಲ್ಲಿ ಗೊತ್ತಾಗ್ಬೇಕು?"

ಮೇಷ್ಟ್ರು ಆಗ ಅಲಾರಂ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಸೋತಾಗಲೆಲ್ಲ ಅವರು ಕೀಲಿ ಕೊಡುವುದು ನಮಗೆ ಗೊತ್ತಿತ್ತು. ಕೆಲವು ದಿನ ಆ ಗಡಿಯಾರಕ್ಕೆ ಕೀಲಿ ಹೆಚ್ಚಾಗಿ ಎಲ್ಲಿ ಸ್ಪ್ರಿಂಗು ಹರಿದೀತೋ ಎಂದು ಭಯವಾಗುತ್ತಿತ್ತು.

ಈಗ ನಾಗರತ್ನಳ ವಿಷಯಕ್ಕೆ ಬರುತ್ತೇನೆ, ಈ ಕತೆಯೆಲ್ಲ ಅವಳದೇ. ರತ್ನ ನನ್ನ ಕ್ಲಾಸಿನವಳು. ಕಾಮಾಕ್ಷಿಪಾಳ್ಯದ ವಠಾರದಲ್ಲಿ ಅವರ ಮನೆ. ಅಪ್ಪ ಲೇತ್ ವರ್ಕ್‌ಷಾಪಿನಲ್ಲಿ, ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಮುಂದೆ ಒಂದು ಹಲಗೆ, ಅದರ ಮೇಲೆ ಕರೀ ಹಿಟ್ಟಿನ ಮುದ್ದೆ, ಬಿದಿರುಕಡ್ಡಿಯ ಕಟ್ಟು. ಕಡ್ಡಿಗೆ ಚೂರು ಹಿಟ್ಟು ಅಂಟಿಸಿ ಅಂಗೈಯಿಂದ ಸರ್ರನೆ ಹೊಸೆದರೆ ಊದುಬತ್ತಿ. ರತ್ನಳೂ ಕೈಗೆ ಬುದ್ಧಿ ಬಂದಾಗಿನಿಂದ ಅಮ್ಮನ ಪಕ್ಕದಲ್ಲಿ ಕೂತು ಹೊಸೆದವಳೇ. ಅವಳ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲೂ ಕರೀ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು, ಪುಸ್ತಕ ತೆರೆದರೆ ಘಮಘಮ.

ಆ ವರ್ಷ ನಮಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಪಬ್ಲಿಕ್ ಎಂದರೆ ಸೀಲು ಹಾಕಿದ ಪ್ರಶ್ನೆಪತ್ರಿಕೆ, ಬೇರೆ ಸ್ಕೂಲು, ಗೊತ್ತಿಲ್ಲದ ಮೇಷ್ಟ್ರುಗಳು. ರತ್ನಳ ಅಮ್ಮ ಅವಳನ್ನು ಟ್ಯೂಷನ್ನಿಗೆ ತಂದು ಬಿಟ್ಟ ದಿನವೇ ನಮ್ಮೆಲ್ಲರ ಎದುರಿಗೆ ಹೇಳಿದ್ದರು.

"ಟೀಚರಮ್ಮ, ಮುಚ್ಚುಮರೆ ಯಾಕೆ? ಇವಳು ಪಾಸಾದ್ರೆ ಹೈಸ್ಕೂಲಿಗೆ ಹಾಕ್ತೀವಿ, ಅವರಪ್ಪನೂ ಒಪ್ಪವ್ರೆ. ಫೇಲಾದ್ರೆ ಹಲಗೆ ಮುಂದೆ ಕೂರ್ಲಿ. ಇನ್ನೊಂದು ಸಲ ಕಟ್ಟೋ ಮಾತಿಲ್ಲ."

ಆಕೆ ಕೆಟ್ಟವರಲ್ಲ. ಆಕೆಯದು ಒಂದೇ ಮಾತು, ಅಷ್ಟೇ. ರತ್ನ ತಲೆ ತಗ್ಗಿಸಿಕೊಂಡು ತನ್ನ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಹತ್ತಿರ, "ನಂಗೆ ಓದ್ಬೇಕು ಕಣೇ. ದಿನಾ ಅದೇ ಹಲಗೆ ನೋಡಿ ನೋಡಿ ಸಾಕಾಗಿದೆ" ಅಂದಳು.

ಓದಬೇಕೆಂಬ ಆಸೆಯೇನೋ ಬೆಟ್ಟದಷ್ಟಿತ್ತು, ಆದರೆ ಪೆನ್ಸಿಲ್ ಹಿಡಿದು ಕೂತರೆ ಅವಳು ಬೊಂಬೆ. ಹಜಾರದಲ್ಲಿ ಅಲಾರಂ ಹೊಡೆಯುವ ಹೊತ್ತಿಗೆ ಅವಳ ಹಾಳೆಯಲ್ಲಿ ಕರೀ ಹೆಬ್ಬೆಟ್ಟು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಮೊದಲ ವಾರದಲ್ಲೇ ಒಳಗೆ ಬಂದಳು. ಒಳಗೂ ಅದೇ ಪಾಡು. ಟೀಚರು ತುಳಸಿಗಿಡವನ್ನೂ ಪ್ರಯೋಗಿಸಿ ನೋಡಿದರು, "ಯಾಕೆ"ಯನ್ನೂ ಪ್ರಯೋಗಿಸಿ ನೋಡಿದರು. ಊಹೂಂ.

ಅಷ್ಟರಲ್ಲಿ ಹೊಸ ಹುಣಸೆಹಣ್ಣಿನ ಕಾಲ ಬಂತು. ಆಗೆಲ್ಲ ಬೇಸಿಗೆ ಶುರುವಾಗುತ್ತಿದ್ದ ಹಾಗೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಕೊಂಡು, ಬಿಸಿಲಿಗೆ ಹಾಕಿ, ಬೀಜ ಬಿಡಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬುವುದು ಎಲ್ಲ ಮನೆಗಳ ಪದ್ಧತಿ. ಟೀಚರು ಅಡಿಗೆಮನೆಯ ನಡುವೆ ರಾಶಿ ಸುರಿದು, "ಬಾಯಿ ಪಾಠಕ್ಕೆ, ಕೈ ಹುಣಸೆಹಣ್ಣಿಗೆ" ಎಂದು ನಮ್ಮೆಲ್ಲರನ್ನೂ ಸುತ್ತ ಕೂರಿಸಿದರು. ಬೀದಿಯಲ್ಲಿ ಒಂದಿಬ್ಬರು ಹೆಂಗಸರು ಟೀಚರು ಪಾಠದ ನೆಪದಲ್ಲಿ ಮಕ್ಕಳ ಕೈಲಿ ಚಾಕರಿ ಮಾಡಿಸುತ್ತಾರೆ ಎಂದು ಆಡಿಕೊಂಡರಂತೆ. ಮೇಷ್ಟ್ರಿಗೆ ಮಾನ ಹೋದಂತಾಗಿತ್ತು. ನಮಗೆ ಮಾತ್ರ ಹಬ್ಬ. ಬಿಡಿಸುವಾಗ ಒಂದೊಂದು ಎಸಳು ಬಾಯಿಗೆ ಹೋಗುತ್ತದೆ, ಯಾರು ಲೆಕ್ಕ ಇಡುತ್ತಾರೆ?

ಆ ಸಂಜೆ ಟೀಚರು ಒಲೆಯ ಕಡೆ ತಿರುಗಿಕೊಂಡೇ ಒಂದು ಲೆಕ್ಕ ಕೇಳಿದರು. "ಎಂಟು ಜನ ಹತ್ತು ದಿನದಲ್ಲಿ ಮುಗಿಸೋ ಕೆಲಸಾನ ಐದು ಜನ ಮಾಡಿದ್ರೆ ಎಷ್ಟು ದಿನ ಬೇಕ್ರೇ?"

ನಾವೆಲ್ಲ ತಡಬಡಾಯಿಸಿ ಬೆರಳು ಮಡಿಸುತ್ತಿದ್ದೆವು. ಮೂಲೆಯಿಂದ ಒಂದು ಸಣ್ಣ ದನಿ. "ಹದಿನಾರು ದಿನ, ಟೀಚರ್."

ರತ್ನ! ತಲೆ ಎತ್ತಿರಲಿಲ್ಲ, ಕೈ ನಿಲ್ಲಿಸಿರಲಿಲ್ಲ. ಹಣ್ಣು ಸೀಳುವುದು, ಬೀಜ ಚಿಮ್ಮಿಸುವುದು, ನಾರು ಎಳೆಯುವುದು, ಬೆರಳುಗಳು ಅವಸರವಿಲ್ಲದೆ ಓಡುತ್ತಲೇ ಇದ್ದವು. ಟೀಚರು ಸೌಟು ಕೆಳಗಿಟ್ಟು ಇನ್ನೊಂದು ಕೇಳಿದರು. ಅದನ್ನೂ ಹೇಳಿದಳು. ಮತ್ತೊಂದು, ಅದೂ ಸರಿ. ಆಗ ಟೀಚರು ಅವಳ ಕೈಯಿಂದ ಹುಣಸೆಹಣ್ಣು ಕಿತ್ತುಕೊಂಡು, ಪೆನ್ಸಿಲ್ ಕೊಟ್ಟು, ಅದೇ ಮೊದಲಿನ ಲೆಕ್ಕ ಕೇಳಿದರು. ರತ್ನ ಮತ್ತೆ ಬೊಂಬೆಯಾದಳು.

"ರೀ, ಬನ್ರೀ ಇಲ್ಲಿ!" ಟೀಚರ ಕೂಗಿಗೆ ಮೇಷ್ಟ್ರು ಏನೋ ಸೀದುಹೋಯಿತೆಂದು ಓಡಿಬಂದರು. "ಈ ಮಗೂಗೆ ಕೈ ಆಡ್ತಿದ್ರೇನೇ ತಲೆ ಆಡೋದು ಕಣ್ರೀ. ಹುಟ್ಟಿದಾಗಿಂದ ಕೈ ಸುಮ್ನೆ ಇಟ್ಟು ಗೊತ್ತಿಲ್ಲ ಇವಳಿಗೆ. ನಾವು ಕೈ ಕಟ್ಟು ಅಂತ ಕೂರಿಸ್ತೀವಿ!"

ಹಾಗಾದರೆ ಬರೆಯುವುದು ಹೇಗೆ? ಅದಕ್ಕೂ ಟೀಚರೇ ದಾರಿ ಹುಡುಕಿದರು. ಬಲಗೈಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ನಾಲ್ಕು ಹುಣಸೆಬೀಜ. ಎಡಗೈ ಬೀಜ ಉರುಳಿಸುತ್ತಿದ್ದರೆ ಬಲಗೈ ಬರೆಯಬೇಕು. ಮೊದಮೊದಲು ಬೀಜ ಬಿದ್ದು ಒಲೆಯಡಿ ಉರುಳುತ್ತಿದ್ದವು, ನಾವು ಹುಡುಕಿಕೊಡುತ್ತಿದ್ದೆವು. ಆಮೇಲೆ ಹದಕ್ಕೆ ಬಂತು. ಟಕಟಕ, ಟಕಟಕ ಎನ್ನುವ ಬೀಜದ ಸದ್ದಿನ ಜೊತೆ ಅವಳ ಹಾಳೆ ತುಂಬತೊಡಗಿತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಇಷ್ಟೆಲ್ಲ ಮಾಡಿಕೊಂಡು ಪರೀಕ್ಷೆಗೆ ಹೋದೆವು. ಸೆಂಟರು ವಿಜಯನಗರದ ಒಂದು ದೊಡ್ಡ ಸ್ಕೂಲು. ಮೊದಲನೇ ದಿನ ಕನ್ನಡ. ನಮ್ಮ ರೂಮಿಗೆ ಬಂದಿದ್ದ ಮೇಷ್ಟ್ರು ಯಾರೋ ಹೊಸಬರು, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆಲ್ಲ ರತ್ನಳ ಬೆಂಚಿನ ಹತ್ತಿರ ನಿಂತರು.

"ಏನದು ಮುಷ್ಟೀಲಿ? ಬಿಚ್ಚು."

ರತ್ನ ಬಿಚ್ಚಿದಳು. "ಪರೀಕ್ಷೆಗೆ ಬಂದಿದೀಯೋ ಆಟ ಆಡೋಕೆ ಬಂದಿದೀಯೋ?" ಎಂದು ಅವರು ಬೀಜಗಳನ್ನು ಕಿಟಕಿಯಿಂದ ಆಚೆ ಎಸೆದರು. ಅವರದೂ ತಪ್ಪೆನ್ನಲಾರೆ, ಅವರಿಗೇನು ಗೊತ್ತು? ಗಂಟೆ ಹೊಡೆದು ಹೊರಗೆ ಬಂದಾಗ ರತ್ನಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅರ್ಧ ಬರ್ದೆ ಕಣೇ," ಅಂದಳು. "ಎಲ್ಲಾ ಬರ್ತಿತ್ತು. ಕೈ ಖಾಲಿಯಾಯ್ತು, ತಲೇನೂ ಖಾಲಿಯಾಯ್ತು."

ಮುಂದಿನ ಪೇಪರು ಗಣಿತ. ಗಣಿತ ಕೈಕೊಟ್ಟರೆ ಮುಗಿಯಿತು, ಹಲಗೆಯೇ ಗತಿ. ಆ ಸಂಜೆ ಟ್ಯೂಷನ್ ಮನೆಯಲ್ಲಿ ಗಂಡಹೆಂಡತಿಯ ನಡುವೆ ನಡೆದ ಜಗಳ ಮಾಮೂಲಿಯದಲ್ಲ. ಮೇಷ್ಟ್ರಿಗೂ ಅದೇ ಸೆಂಟರಿನಲ್ಲಿ ಡ್ಯೂಟಿ ಬಿದ್ದಿತ್ತು, ಬೇರೆ ರೂಮಿನಲ್ಲಿ.

"ಅಲ್ಲಿನ ಹೆಡ್‌ಮೇಷ್ಟ್ರಿಗೆ ನೀವು ಒಂದು ಮಾತು ಹೇಳಿದ್ರೆ ಏನು ಗಂಟು ಹೋಗುತ್ತೆ?"

"ಏನಂತ ಹೇಳ್ಲಿ? ನಮ್ಮ ಟ್ಯೂಷನ್ ಹುಡುಗಿ, ಇವಳಿಗೊಬ್ಬಳಿಗೆ ರಿಯಾಯ್ತಿ ಕೊಡಿ ಅಂತಲಾ? ಇವತ್ತು ಬೀಜ ಅಂತಾಳೆ, ನಾಳೆ ಇನ್ನೊಬ್ಳು ನಂಗೆ ಅಳಗುಳಿಮಣೇನೇ ಬೇಕು ಅಂತಾಳೆ!"

ನಮಗೆ ನಗು ಬಂತು, ಆದರೆ ಯಾರೂ ನಗಲಿಲ್ಲ. ಮೇಷ್ಟ್ರು ಎಂದೂ ಆಡದ ಮಾತನ್ನು ಅಂದು ಆಡಿದರು. ಅವರ ದನಿ ಇಳಿದಿತ್ತು.

"ನಮ್ಮೂರ ಸ್ಕೂಲಲ್ಲಿ ಪಾಠ ಹೇಳೋ ಐನೋರು ಪಟೇಲರ ಮಗನಿಗೆ ಒಂದು ಪ್ರಶ್ನೆ ಕೇಳೋರು, ನನಗೊಂದು ಕೇಳೋರು. ಅವನಿಗೆ ಎರಡಕ್ಕೆರಡು ಕೂಡಿದ್ರೆ ಎಷ್ಟು, ನನಗೆ ಬಾಯಿಗೆ ಬಾರದ ಭಿನ್ನರಾಶಿ. ಅವರವರ ಯೋಗ್ಯತೆ ನೋಡಿ ಕೇಳ್ತೀನಿ ಅನ್ನೋರು. ಅಚ್ಚಾದ ಪೇಪರ್ ಬಂತು ನೋಡು, ಸೀಲ್ ಹಾಕಿದ್ದು, ಅವತ್ತು ನಾನೂ ಅವನೂ ಒಂದಾದ್ವಿ. ಆ ಪೇಪರ್ ಇಲ್ದಿದ್ರೆ ನಾನಿವತ್ತೂ ಪಟೇಲರ ಮನೆ ಕೊಟ್ಟಿಗೇಲಿರ್ತಿದ್ದೆ. ಎಲ್ಲರಿಗೂ ಒಂದೇ ಅನ್ನೋದು ನಿನಗೆ ಬರೀ ರೂಲು ಲಲಿತಾ. ನನಗೆ ಅದು ಅನ್ನ."

ಲಲಿತಮ್ಮ ಟೀಚರು ಬಾಗಿಲ ಬಳಿ ಬಂದು ನಿಂತರು. ಜಗಳದ ದನಿ ಅವರದ್ದೂ ಹೋಗಿತ್ತು.

"ಪೇಪರ್ ಬೇರೆ ಕೊಡಿ ಅಂತ ನಾನೆಲ್ಲಿ ಅಂದೆ? ಪೇಪರ್ ಅದೇ ಇರ್ಲಿ, ಟೈಮೂ ಅದೇ ಇರ್ಲಿ. ಅದರ ಮುಂದೆ ಕೂತ್ಕೊಳ್ಳೋಕೆ ಮಗೂಗೆ ಏನು ಬೇಕೋ ಅದನ್ನ ಕಿತ್ಕೋಬೇಡಿ ಅಂದೆ, ಅಷ್ಟೇ."

ಮೇಷ್ಟ್ರು ಗಡಿಯಾರ ಕೈಗೆತ್ತಿಕೊಂಡರು. ಕೀಲಿ ಕೊಡಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತರು.

ಗಣಿತದ ದಿನ ಬೆಳಿಗ್ಗೆ ನಾವು ಬೆಂಚಿನಲ್ಲಿ ಕೂತಿದ್ದೆವು. ಬಾಗಿಲಲ್ಲಿ ಉತ್ತರಪತ್ರಿಕೆಯ ಕಟ್ಟು ಹಿಡಿದು ಬಂದವರು ಯಾರು ಅಂತೀರಿ? ನಂಜುಂಡಯ್ಯ ಮೇಷ್ಟ್ರು! ಅದೇ ಹಳೇ ಕೋಟು, ಅದೇ ಗಂಟುಮುಖ. ನಮ್ಮನ್ನು ಗುರುತು ಹಿಡಿದ ಲಕ್ಷಣವೇ ಇಲ್ಲ. ಗುರುತಿಲ್ಲದ ಮೇಷ್ಟ್ರಾದರೆ ಏಮಾರಿಸಬಹುದಿತ್ತೇನೋ, ಇವರ ಕಣ್ಣು ತಪ್ಪಿಸುವುದು ಯಾರಪ್ಪನ ಕೈಯಲ್ಲೂ ಆಗದು.

"ಪೆನ್ನು, ಪೆನ್ಸಿಲ್, ಸ್ಕೇಲು, ಹಾಲ್ ಟಿಕೆಟ್. ಬೇರೆ ಯಾರ ಹತ್ರ ಏನಿದ್ರೂ ಮೇಜಿನ ಮೇಲೆ ತಂದಿಡಿ. ಆಮೇಲೆ ಸಿಕ್ಕಿದ್ರೆ ಹುಷಾರ್."

ರತ್ನ ಎದ್ದಳು. ಕಾಲು ಎಳೆದುಕೊಂಡು ಹೋಗಿ ಮೇಜಿನ ಮೇಲೆ ತನ್ನ ನಾಲ್ಕು ಬೀಜ ಇಟ್ಟು ಬಂದಳು. ಮೇಷ್ಟ್ರು ಅವಳ ಮುಖವನ್ನೂ ನೋಡಲಿಲ್ಲ. ಎಂಥ ಕಟುಕ ಅನ್ನಿಸಿತು ನನಗೆ. ಆ ಕ್ಷಣ ಅವರನ್ನು ನಾನು ಮನಸಾರೆ ಬೈದೆ.

ಉತ್ತರಪತ್ರಿಕೆ ಹಂಚಿ ಮುಗಿಯಿತು. ಮೇಷ್ಟ್ರು ಕೋಟಿನ ಜೇಬಿಗೆ ಕೈ ಹಾಕಿದರು. ಮೊದಲ ಬೆಂಚಿನಿಂದ ಶುರುಮಾಡಿ, ಒಬ್ಬೊಬ್ಬರ ಮುಂದೆ ನಾಲ್ಕು ನಾಲ್ಕು ಹುಣಸೆಬೀಜ ಇಡುತ್ತಾ ಬಂದರು! ಪ್ರಶ್ನೆಪತ್ರಿಕೆ ಹಂಚುವಾಗಿನ ಅದೇ ಗಾಂಭೀರ್ಯ. ಯಾರಿಗೂ ತಲೆಬುಡ ತಿಳಿಯಲಿಲ್ಲ.

"ಇದೇನಕ್ಕೆ ಸಾರ್?" ಒಬ್ಬಳು ಕೇಳಿದಳು.

"ಇರ್ಲಿ. ಎಲ್ಲಾರಿಗೂ ಇದೆ. ಬೇಕಾದೋರು ಇಟ್ಕೊಳ್ಳಿ, ಬೇಡದೋರು ಸುಮ್ನೆ ಬಿಡಿ."

"ಸಾರ್, ನಂಗೆ ಮೂರೇ ಬಂದಿದೆ!" ಹಿಂದಿನಿಂದ ಇನ್ನೊಬ್ಬಳ ದೂರು. ಮೇಷ್ಟ್ರು ಹೋಗಿ, ಎಣಿಸಿ ನೋಡಿ, ಇನ್ನೊಂದು ಇಟ್ಟರು. ಅನ್ಯಾಯ ಆಗಬಾರದಲ್ಲ.

ಗಂಟೆ ಹೊಡೆಯಿತು. ನನ್ನ ಹಿಂದಿನ ಬೆಂಚಿನಿಂದ ಟಕಟಕ, ಟಕಟಕ. ನಾನು ತಿರುಗಿ ನೋಡುವಂತಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಅರ್ಧ ಹೊತ್ತು ಕಳೆದಿರಬೇಕು, ಪರೀಕ್ಷೆಯ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಸಫಾರಿ ಸೂಟು, ದಪ್ಪ ಕನ್ನಡಕ. ಎರಡು ಬೆಂಚು ದಾಟಿ ನಿಂತರು.

"ಏನ್ರೀ ಇದು? ಡೆಸ್ಕ್ ಡೆಸ್ಕಿಗೂ ಹುಣಸೆಬೀಜ?"

ಇಡೀ ರೂಮಿನ ಪೆನ್ನುಗಳು ನಿಂತವು. ಹಿಂದಿನ ಟಕಟಕವೂ ನಿಂತಿತು. ನಂಜುಂಡಯ್ಯ ಮೇಷ್ಟ್ರು ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ, ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಗಂಟಲು ಸರಿಮಾಡಿಕೊಂಡರು.

"ಪೇಪರ್ ಹಾರಬಾರ್ದು ಅಂತ ಸಾರ್. ಫ್ಯಾನು ಸ್ವಲ್ಪ ಜೋರಾಗಿದೆ."

ಸಾಹೇಬರು ತಲೆ ಎತ್ತಿ ನೋಡಿದರು. ನಾವೂ ನೋಡಿದೆವು. ಮೇಲೆ ಫ್ಯಾನಿನ ಕೊಕ್ಕೆ ಇತ್ತು. ಫ್ಯಾನು ಇರಲಿಲ್ಲ.

ಸಾಹೇಬರು ಕೊಕ್ಕೆಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಮೇಷ್ಟ್ರ ಹಣೆಯಿಂದ ಬೆವರು ಇಳಿಯುತ್ತಿತ್ತು. ಸಾಹೇಬರು ಒಂದು ಬೀಜ ಎತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟರು.

"ಎಲ್ಲರಿಗೂ ಕೊಟ್ಟಿದೀರಾ?"

"ಎಲ್ಲರಿಗೂ ಸಾರ್. ಸಮಸಮ."

"ಹಂಗಿದ್ರೆ ಸರಿ. ಜೋರು ಗಾಳಿ, ಪಾಪ." ಎಂದು ಹೊರಟೇಹೋದರು. ಬಾಗಿಲಾಚೆ ಅವರು ಕೆಮ್ಮಿದರೋ ನಕ್ಕರೋ ನನಗೆ ಇಂದಿಗೂ ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಮತ್ತೆ ಟಕಟಕ ಶುರುವಾಯಿತು.

ಸಂಜೆ ನಾವು ಓಡೋಡಿ ಟ್ಯೂಷನ್ ಮನೆಗೆ ಹೋದರೆ ಟೀಚರು ಅಡಿಗೆಮನೆಯಲ್ಲಿ ಅಳಗುಳಿಮಣೆಯ ಬೀಜದ ಡಬ್ಬಿ ಹಿಡಿದು ನಿಂತಿದ್ದರು. ಖಾಲಿ ಡಬ್ಬಿ.

"ರೀ, ಇದರಲ್ಲಿದ್ದ ಬೀಜ ಎಲ್ಲಾ ಎಲ್ಲಿ ಹೋಯ್ತು?"

"ಇಲಿ ಹೊತ್ಕೊಂಡು ಹೋಗಿರ್ಬೇಕು," ಅಂದರು ಮೇಷ್ಟ್ರು ಹಜಾರದಿಂದ. ಒಂದೇ ದಿನಕ್ಕೆ ಎರಡನೇ ಸುಳ್ಳು!

ನಮಗೆ ತಡೆಯಲಾಗಲಿಲ್ಲ. ಎಲ್ಲರೂ ಒಟ್ಟಿಗೆ ಕೊಕ್ಕೆ, ಫ್ಯಾನು, ಸಾಹೇಬರು ಎಂದು ಒದರಿಬಿಟ್ಟೆವು. ಟೀಚರು ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಆ ನೀರು ನಗುವಿನದ್ದು ಮಾತ್ರ ಅಲ್ಲವೇನೋ ಅನ್ನಿಸಿತು. ಮೇಷ್ಟ್ರಿಗೆ ಆ ರೂಮು ತಾನಾಗಿ ಬಿದ್ದದ್ದಲ್ಲವಂತೆ. ಸರ್ವೀಸಿನಲ್ಲಿ ಯಾರ ಹತ್ತಿರವೂ ಏನೂ ಕೇಳದ ಮನುಷ್ಯ ಅಂದು ಬೆಳಿಗ್ಗೆ ಹೆಡ್‌ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ರೂಮು ಬದಲಾಯಿಸಿಕೊಂಡಿದ್ದರು. ಇದನ್ನು ಅವರು ಹೆಂಡತಿಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಟೀಚರು ನಮಗೆ ಹೇಳಿದ್ದು ಅದಕ್ಕೂ ಎಷ್ಟೋ ದಿನದ ಮೇಲೆ.

"ನೋಡಿದ್ಯಾ? ಎಲ್ಲರಿಗೂ ಒಂದೇ ತರ ಕೊಟ್ಟೆ. ನನ್ನ ಮಾತೇ ಗೆದ್ದಿದ್ದು," ಅಂದರು ಮೇಷ್ಟ್ರು.

"ಹೌದೌದು. ಯಾರಿಗೋಸ್ಕರ ಕೊಟ್ರಿ ಅಂತ ಕೇಳಲ್ಲ ಬಿಡಿ," ಅಂದರು ಟೀಚರು.

ಕೀಲಿ ಕೊಡುವ ಸದ್ದು ಕೇಳಿಸಿತು.

ರತ್ನ ಪಾಸಾದಳು. ಕನ್ನಡದಲ್ಲಿ ಜಸ್ಟ್ ದಡ ಮುಟ್ಟಿದ್ದಳು, ಗಣಿತದಲ್ಲಿ ನಮ್ಮ ಸ್ಕೂಲಿಗೇ ಅವಳದೇ ಜಾಸ್ತಿ. ಅವಳಮ್ಮ ಮಾತಿಗೆ ತಪ್ಪಲಿಲ್ಲ, ಹೈಸ್ಕೂಲಿಗೆ ಸೇರಿಸಿದರು. ಟೀಚರಿಗೆಂದು ಒಂದು ದೊಡ್ಡ ಕಟ್ಟು ಊದುಬತ್ತಿ ತಂದುಕೊಟ್ಟರು, ಆ ಮನೆ ವರ್ಷವೆಲ್ಲ ಘಮಘಮ ಅನ್ನುತ್ತಿತ್ತು. ನನಗೆ ಗಣಿತದಲ್ಲಿ ನಿರೀಕ್ಷೆಗಿಂತ ಕಡಿಮೆ ಬಂದಿತ್ತು. ಬೀಜಗಳನ್ನು ಒಂದರ ಮೇಲೊಂದು ನಿಲ್ಲಿಸಲು ನೋಡುತ್ತಾ ಕಾಲು ಗಂಟೆ ಕಳೆದಿದ್ದೆ ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಒಂದೇ ಕೊಟ್ಟರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎನ್ನುವ ಹಾಗೂ ಇಲ್ಲ, ನೋಡಿ.

ಈಗ ಆ ದಂಪತಿಗಳಿಲ್ಲ. ರತ್ನ ಔಷಧಿಯ ಓದು ಓದಿ, ಕೆಂಗೇರಿಯಲ್ಲಿ ಗಂಡನ ಜೊತೆ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾಳೆ. ಬೇರೆ ಯಾರಿಗೇ ಫೋನು ಮಾಡಿದರೂ "ಕೈ ಖಾಲಿ ಇಲ್ಲ, ಆಮೇಲೆ ಮಾಡ್ತೀನಿ" ಅನ್ನುತ್ತಾರೆ. ಅವಳು ಮಾತ್ರ "ಕೈ ಖಾಲಿ ಇಲ್ಲ ಕಣೇ, ಹೇಳು" ಅನ್ನುತ್ತಾಳೆ.

ಕಿವುಚಿದ ರಸ ಹುಯ್ದು ಯಾವಾಗ ಒಲೆಗಿಟ್ಟೆನೋ, ಹುಳಿ ಕುದಿಯುವ ಸದ್ದಿಗೆ ಎಚ್ಚರವಾಯಿತು. ಮೇಲೆ ಇನ್ನೂ ನಿಶ್ಶಬ್ದ. ಬೆಳಿಗ್ಗೆಯಿಂದ ನನಗೆ ಅಷ್ಟು ಸುಖ ಕೊಟ್ಟಿದ್ದ ಆ ನಿಶ್ಶಬ್ದ ಈಗ ಕಿವಿಗೆ ಒತ್ತತೊಡಗಿತು. ಗ್ಯಾಸು ಸಣ್ಣಗೆ ಮಾಡಿ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ಅವಳಮ್ಮ. ಹಿಂದೆ ಹಜಾರದಲ್ಲಿ ಸಿಂಚನಾ ಕುರ್ಚಿಯಲ್ಲಿ ಕೂತಿದ್ದಳು, ಪುಸ್ತಕ ತೆರೆದಿತ್ತು. ಆ ಮುಖ ನನಗೆ ಗೊತ್ತಿತ್ತು. ಕನ್ನಡ ಪೇಪರಿನ ದಿನ ವಿಜಯನಗರದಲ್ಲಿ ನೋಡಿ ಗೊತ್ತಿತ್ತು.

"ಅವಳು ಓಡಾಡ್ಲಿ ಬಿಡಿ," ಅಂದೆ.

"ಅಯ್ಯೋ, ಬೆಳಿಗ್ಗೆ ನೀವೇ ಬಂದು..."

"ಬೆಳಿಗ್ಗೆ ನಂಗೆ ಬುದ್ಧಿ ಇರ್ಲಿಲ್ಲ. ಏಳಮ್ಮ ಸಿಂಚನಾ, ಎದ್ದು ನಡಿ."

ಹುಡುಗಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನಿಮಗೆ ನಿದ್ದೆ ಬರಲ್ವಲ್ಲ, ಆಂಟಿ?"

"ಪರೀಕ್ಷೆ ಇರೋದು ನಿಂಗೆ ಕಣೇ, ನನ್ನ ನಿದ್ದೆಗಲ್ಲ."

ಕೆಳಗೆ ಬಂದು ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆ ಸಿಡಿಯುವ ಹೊತ್ತಿಗೆ ಮೇಲೆ ಒಂದು ಹೆಜ್ಜೆ ಕೇಳಿಸಿತು. ತಡೆದು ಇನ್ನೊಂದು. ಆಮೇಲೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಧಪಧಪ. ಪಾತ್ರೆ ಸ್ಟ್ಯಾಂಡಿನ ತಟ್ಟೆಗಳು ಗಿಲಿಗಿಲಿ ಎಂದವು. ನಾನು ಎಡಗೈಯಲ್ಲಿದ್ದ ಬೀಜವನ್ನು ಉರುಳಿಸುತ್ತಾ, ಬಲಗೈಯಲ್ಲಿ ಹುಳಿ ತಿರುವುತ್ತಾ ನಿಂತೆ.